ಗುಲ್ವಾಡಿಯಲ್ಲಿ ಎಂತ ಇತ್ತ್?

"ಗುಲ್ವಾಡಿಗಾ? ಅಲ್ಲೆಂತ ಇತ್ತ್ ಮಗಾ ಕಾಂಬುಕೆ?"

ಅಮ್ಮ ಕೇಳಿದ್ದರಲ್ಲಿ ತಪ್ಪೇನಿಲ್ಲ. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಲ್ಲಿ ಬಂದವರು ಮರವಂತೆಗೆ ಹೋಗುತ್ತಾರೆ, ಕೊಲ್ಲೂರಿಗೆ ಹೋಗುತ್ತಾರೆ, ಆನೆಗುಡ್ಡೆಗೆ ಹೋಗಿ ಕೈಮುಗಿದು ಬರುತ್ತಾರೆ. ಗುಲ್ವಾಡಿ ಅಂದರೆ ಗದ್ದೆ, ತೆಂಗು, ಹೊಳೆ. ಇವೆಲ್ಲ ನಮ್ಮ ಮನೆಯ ಹಿಂದೆಯೇ ಇವೆ. ಅದಕ್ಕೆ ಅಂತ ದೊಡ್ಡಪ್ಪನ ಮಗನ ಸ್ಕೂಟರ್ ಕೇಳಿ ತಂದು, ಪೆಟ್ರೋಲು ಹಾಕಿಸಿ, ಹೆಂಡತಿಯನ್ನು ಕೂರಿಸಿಕೊಂಡು ಹೋಗುವುದು ಅಮ್ಮನ ಲೆಕ್ಕದಲ್ಲಿ ಕೆಲಸವಿಲ್ಲದವರ ಕೆಲಸ.

ಈ ತಿರುಗಾಟಕ್ಕೆ ಕಾರಣ ಹೆಂಡತಿಯೇ. ಅವಳು ದಾವಣಗೆರೆಯವಳು. ಮದುವೆಯಾಗಿ ಮೊದಲ ಸಲ ಊರಿಗೆ ಬಂದಾಗ ಹೈವೇಯಲ್ಲಿ ಬೋರ್ಡುಗಳನ್ನು ಓದುತ್ತಾ ಕೂತಿದ್ದಳು. ತ್ರಾಸಿ, ಹೆಮ್ಮಾಡಿ, ಪಡುಕೋಣೆ. "ಅಲ್ಲಾ, ಇವೆಲ್ಲ ಸರ್‌ನೇಮ್ ಅಲ್ವಾ? ಇವು ಊರುಗಳಾ?" ಅಂದಳು. ನನಗೆ ಒಳಗೊಳಗೇ ಖುಷಿ. ಹುಟ್ಟಿದಾಗಿನಿಂದ ನೋಡಿದ ಬೋರ್ಡುಗಳಲ್ಲಿ ಇಷ್ಟು ಸರಕಿದೆ ಅಂತ ನನಗೂ ಗೊತ್ತಾದದ್ದು ಬೆಂಗಳೂರಿಗೆ ಹೋದ ಮೇಲೆಯೇ.

ಚಿತ್ರಾಪುರ ಸಾರಸ್ವತರು, ನಮ್ಮ ಕಡೆ 'ಭಾನಪರು' ಅನ್ನುತ್ತಾರೆ, ಬಹಳ ಸಣ್ಣ ಸಮುದಾಯ. ಮನೆಮಾತು ಕೊಂಕಣಿ, ಗುರುಮಠ ಶಿರಾಲಿಯಲ್ಲಿ, ಗುರುಪರಂಪರೆ ಶುರುವಾದದ್ದು 1708ರಲ್ಲಿ. ಕೆಳದಿ ಅರಸರ ಕಾಲದಿಂದ ಶಾನುಭೋಗಿಕೆ, ಲೆಕ್ಕಪತ್ರ ಇವರ ಕಸುಬು. ಯಾವ ಊರಿನ ಲೆಕ್ಕ ಬರೆದರೋ ಆ ಊರಿನ ಹೆಸರು ಮನೆತನಕ್ಕೆ ಅಂಟಿತು. ಆಮೇಲೆ ಇಂಗ್ಲಿಷ್ ಕಲಿತು ಮಂಗಳೂರು, ಮದ್ರಾಸು, ಬೊಂಬಾಯಿ ಅಂತ ಹೊರಟರು. ಹೋಗುವಾಗ ಊರು ಬಿಟ್ಟರು, ಊರಿನ ಹೆಸರನ್ನು ಬಿಡಲಿಲ್ಲ. ಸಿನಿಮಾದ ಗುರುದತ್ತ್ ಪಡುಕೋಣೆಯವರು, ಬ್ಯಾಡ್ಮಿಂಟನ್ನಿನ ಪ್ರಕಾಶ್ ಪಡುಕೋಣೆಯವರು. ಶ್ಯಾಮ್ ಬೆನಗಲ್ ಅವರ ಹೆಸರಿನ ಬೆನಗಲ್ಲು ಬ್ರಹ್ಮಾವರದ ಹತ್ತಿರದ್ದು. 'ಗಾಂಧಿ' ಸಿನಿಮಾದಲ್ಲಿ ಕಸ್ತೂರಬಾ ಆದ ರೋಹಿಣಿ ಅವರಿಗೆ ಮದುವೆಯಿಂದ ಬಂದ ಹೆಸರು ನಮ್ಮ ಹಟ್ಟಿಯಂಗಡಿಯದು. ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಗಾಯಕಿ ಸುಮನ್ ಕಲ್ಯಾಣಪುರ್. ಹುಟ್ಟಿದ್ದು ಢಾಕಾದಲ್ಲಿ, ತವರಿನ ಹೆಸರು ಹೆಮ್ಮಾಡಿ, ಗಂಡನ ಮನೆಯದು ಕಲ್ಯಾಣಪುರ. ಅಂದರೆ ಮದುವೆಯಾಗಿ ಅವರು ಕುಂದಾಪುರದ ಹತ್ತಿರದಿಂದ ಉಡುಪಿಯ ಹತ್ತಿರಕ್ಕೆ ಬಂದರು, ಬೊಂಬಾಯಿಯಲ್ಲಿ ಕೂತುಕೊಂಡೇ!

ಇದನ್ನೆಲ್ಲ ಹೇಳಿ ಮುಗಿಸುವಾಗ ಹೆಂಡತಿ ಕೇಳಿದಳು: "ಹೆಸರು ತಗೊಂಡು ಹೋದವರು ಸರಿ. ಊರಿಗೆ ಏನಾದ್ರೂ ಬಿಟ್ಟು ಹೋದವರು ಇದ್ದಾರಾ?"

ಆಗ ನೆನಪಾದವರು ಗುಲ್ವಾಡಿ ವೆಂಕಟರಾಯರು.

* * *

ಗುಲ್ವಾಡಿಗೆ ಹೋಗುವ ಮೊದಲು ಬಸ್ರೂರಿಗೆ ಹೋದೆವು. ಅದು ಬೇರೆ ವಿಷಯ ಅನ್ನಿಸಬಹುದು, ಆದರೆ ಈ ಕತೆಗೆ ಬಸ್ರೂರು ಬೇಕು.

ಬಸ್ರೂರಿನ ಪೇಟೆಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಹೋಟೆಲಿನವರು ಗೋಳಿಬಜೆ ಕರಿಯುತ್ತಿದ್ದರು. ಬಸ್ಸಿಗೆ ಕಾಯುವ ನಾಲ್ಕು ಕಾಲೇಜು ಮಕ್ಕಳು, ಬಾಗಿಲು ತೆರೆಯುತ್ತಿರುವ ಬಟ್ಟೆ ಅಂಗಡಿ. ಗದ್ದಲ ಅಂತ ಹೇಳುವುದಾದರೆ ಕಾಗೆಗಳದ್ದೇ. ಈ ಊರಿನ ಹೆಸರನ್ನು ಒಂದು ಕಾಲದಲ್ಲಿ ಹೊರ್ಮುಜಿನ ವ್ಯಾಪಾರಿಗಳು ಬಲ್ಲವರಾಗಿದ್ದರು ಅಂದರೆ ನಂಬುವುದು ಕಷ್ಟ. ಇಬ್ನ್ ಬತೂತ 1342ರ ಆಸುಪಾಸಿನಲ್ಲಿ ಈ ಕರಾವಳಿಗೆ ಬಂದಾಗ ಇದನ್ನು ಅಬೂಸರೂರ್ ಅಂತ ಬರೆದುಕೊಂಡ. ದೊಡ್ಡ ಅಳಿವೆಯ ದಡದ ಸಣ್ಣ ಪಟ್ಟಣ, ತುಂಬಾ ತೆಂಗಿನ ಮರಗಳು ಅಂತ. ಆರು ನೂರು ಚಿಲ್ಲರೆ ವರ್ಷದ ನಂತರವೂ ಆ ವಿವರಣೆಯಲ್ಲಿ ಒಂದಕ್ಷರ ಬದಲಾಯಿಸಬೇಕಾಗಿಲ್ಲ.

ವಿಜಯನಗರದ ಕಾಲಕ್ಕೆ ಬಸ್ರೂರು ಕರಾವಳಿಯ ದೊಡ್ಡ ಬಂದರುಗಳಲ್ಲೊಂದು. ಇಲ್ಲಿಂದ ಹೊರಗೆ ಹೋಗುತ್ತಿದ್ದದ್ದು ಮುಖ್ಯವಾಗಿ ಅಕ್ಕಿ, ಜೊತೆಗೆ ಮೆಣಸು. ಘಟ್ಟದ ಮೇಲಿನ ರಾಜ್ಯಕ್ಕೆ ಬೇಕಾದ ಕುದುರೆಗಳು ಈ ಕರಾವಳಿಯ ಬಂದರುಗಳಲ್ಲಿ ಇಳಿಯುತ್ತಿದ್ದವು. ಊರಿನಲ್ಲಿ ಆಡಳಿತ ನಡೆಸುತ್ತಿದ್ದವರು ಸೆಟ್ಟಿಗಳು. ಶಾಸನಗಳಲ್ಲಿ ಮೂಡುಕೇರಿಯ 'ಹಲರು', ಪಡುವಕೇರಿಯ 'ಹಲರು' ಅಂತ ಬರುತ್ತದೆ. ಹಲರು ಅಂದರೆ ಹಲವರು, ಊರಿನ ಪರವಾಗಿ ಕೂತು ತೀರ್ಮಾನ ಮಾಡುವ ಕೂಟ. ರಾಜ ಇದ್ದ, ದೂರದಲ್ಲಿದ್ದ. ಇವರು ತೆರಿಗೆ ಕಟ್ಟಿ ತಮ್ಮ ಪಾಡಿಗೆ ವ್ಯಾಪಾರ ಮಾಡಿಕೊಂಡಿದ್ದರು. ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಶನ್ನಿಗಿಂತ ಚೆನ್ನಾಗಿಯೇ ನಡೆಸಿರಬೇಕು.

ಪೋರ್ಚುಗೀಸರು ಇದನ್ನು ಬಾರ್ಸೆಲೋರ್ ಅಂದರು. ಗೋವೆಗೆ ಅನ್ನಕ್ಕೆ ಈ ಕರಾವಳಿಯ ಅಕ್ಕಿಯೇ ಬೇಕು, ಆದ್ದರಿಂದ ಜಗಳವೂ ತಪ್ಪಲಿಲ್ಲ. 1569ರಲ್ಲಿ ವೈಸ್‌ರಾಯ್ ಲೂಯಿಸ್ ದೆ ಅತಾಯಿದೆ ಇಲ್ಲಿನ ಕೋಟೆ ಹಿಡಿದ. ಸುಮಾರು ಎಂಬತ್ತೈದು ವರ್ಷದ ನಂತರ ಕೆಳದಿಯ ಶಿವಪ್ಪ ನಾಯಕ ಅವರನ್ನು ಓಡಿಸಿದ. 1665ರ ಫೆಬ್ರವರಿಯಲ್ಲಿ ಶಿವಾಜಿ 3 ದೊಡ್ಡ ಹಡಗು, 85 ಸಣ್ಣ ನೌಕೆಗಳೊಂದಿಗೆ ಖುದ್ದಾಗಿ ಬಂದು ಬಸ್ರೂರನ್ನು ಲೂಟಿ ಮಾಡಿದ, ವಾಪಸು ಹೋಗುವಾಗ ಗೋಕರ್ಣದಲ್ಲಿ ತೀರ್ಥಸ್ನಾನ ಮುಗಿಸಿದ. ಈ ಕೊನೆಯ ಸಂಗತಿಯನ್ನು ಯಾರು ಯಾವ ದನಿಯಲ್ಲಿ ಹೇಳುತ್ತಾರೆ ಅನ್ನುವುದು ಇತ್ತೀಚೆಗೆ ಅವರವರ ವಾಟ್ಸಾಪ್ ಗ್ರೂಪಿನ ಮೇಲೆ ನಿಂತಿದೆ. ನಾನು ಅಕ್ಕಿ ಬೆಳೆಯುವವರ ಮನೆಯವನು, ನನ್ನ ಸಹಾನುಭೂತಿ ಗೋದಾಮು ಖಾಲಿಯಾದವರ ಕಡೆ.

ಮಹಾಲಿಂಗೇಶ್ವರ ದೇವಸ್ಥಾನ ನೋಡಿ, ಆಲದ ಬೇರುಗಳೇ ಗೋಡೆಯಾಗಿರುವ ತುಳುವೇಶ್ವರನ ಗುಡಿಯ ಮುಂದೆ ಸ್ವಲ್ಪ ಹೊತ್ತು ಕೂತೆವು. ಅಲ್ಲಿಂದ ಹೊಳೆಬದಿಗೆ. ಬಂದರು ಅಂತ ತೋರಿಸುವುದಕ್ಕೆ ಏನಿಲ್ಲ. ವಾರಾಹಿ ಅಗಲವಾಗಿ, ನಿಧಾನವಾಗಿ ಪಡುವಣಕ್ಕೆ ಹೋಗುತ್ತಿತ್ತು.

"ಇಲ್ಲಿಂದ ಮಸ್ಕತ್‌ಗೆ ಅಕ್ಕಿ ಹೋಗ್ತಿತ್ತು" ಅಂದೆ.

"ಜನ?"

ಜನವೂ ಹೋಗಿರಬೇಕು. ಆದರೆ ಅವಳ ಪ್ರಶ್ನೆ ಮುಂದಿನ ಊರಿಗೆ ಸಂಬಂಧಪಟ್ಟದ್ದು. ನೂರೈವತ್ತು ವರ್ಷದ ಹಿಂದೆ ಇದೇ ಸೀಮೆಯ ಮೇಲ್ಜಾತಿಯವನೊಬ್ಬ ಓದಲು ಹಡಗು ಹತ್ತಿದರೆ ಜಾತಿಯಿಂದ ಹೊರಗೆ ಬೀಳುತ್ತಿದ್ದ. ಅಕ್ಕಿ ಸಮುದ್ರ ದಾಟಬಹುದು, ಅಕ್ಕಿಯ ಲೆಕ್ಕ ಬರೆದವನ ಮೊಮ್ಮಗ ದಾಟಕೂಡದು.

* * *

ಹೊಳೆ ದಾಟಿ ಕಂಡ್ಲೂರು ಕಡೆಯಿಂದ ಗುಲ್ವಾಡಿಗೆ ಬಂದೆವು. ಗೂಗಲ್ ಮ್ಯಾಪು ಒಂದು ಗೇರುತೋಟದೊಳಗೆ ನುಗ್ಗಿಸಿತು, ನಾಯಿ ಬೊಗಳಿತು, ವಾಪಸು ಬಂದೆವು. ಕೊನೆಗೆ ರಸ್ತೆಬದಿಯ ಅಂಗಡಿಯೊಂದರಲ್ಲಿ ನಿಲ್ಲಿಸಿ ಸೋಡಾ ಕುಡಿಯುತ್ತಾ ಕೇಳಿದೆ: "ವೆಂಕಟರಾಯ್ರ ಮನೆ ಇದ್ದ ಜಾಗ ಎಲ್ಲಿ?"

ಅಂಗಡಿಯ ಹಿರಿಯರು ಕನ್ನಡಕ ಸರಿ ಮಾಡಿಕೊಂಡರು. "ಯಾವ ವೆಂಕಟರಾಯ್ರ್? ಪೋಸ್ಟಿನವ್ರಾ?"

"ಅಲ್ಲ, ಪೊಲೀಸ್ ಇನ್ಸ್‌ಪೆಕ್ಟ್ರು."

"ಎಂತ ಕೇಸ್ ಮಾರಾಯ್ರೆ?"

ಕೇಸು ಹಳೆಯದು, 1899ರದ್ದು, ಅಂದೆ. ಅವರು ನಕ್ಕರು. ಆಮೇಲೆ ಸೌಕೂರು ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ದಾರಿ ಹೇಳಿದರು, ಸೌಕೂರು ಮೇಳದ ಆಟದ ಸುದ್ದಿ ಹೇಳಿದರು, ನನ್ನ ಊರು, ಮನೆ, ಯಾರ ಮಗ ಅಂತ ವಿಚಾರಿಸಿದರು. ಅಪ್ಪನ ಹೆಸರು ಹೇಳಿದ ಕೂಡಲೇ "ಓ, ತೀರ್ಕಂಡ್ರಲ್ದಾ" ಅಂದು ಸೋಡಾದ ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ಹುಡುಕಿಕೊಂಡು ಹೋದ ಮನುಷ್ಯ ಸಿಗಲಿಲ್ಲ, ಹನ್ನೆರಡು ವರ್ಷದ ಹಿಂದೆ ಹೋದ ಅಪ್ಪ ಅಲ್ಲಿ ಸಿಕ್ಕಿದರು.

ಈಗ ಆ ಹಳೆಯ ಕೇಸು. ಗುಲ್ವಾಡಿ ವೆಂಕಟರಾಯರು ಹುಟ್ಟಿದ್ದು 1844ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಶುರು ಮಾಡಿದ್ದರು. 1844ರಲ್ಲೇ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಕ್ರೈಸ್ತನಾದ, ಆ ಸಮುದಾಯದ ಒಳಗೆ ದೊಡ್ಡ ಕಂಪನವೇ ಎದ್ದಿತು. ಅಂದರೆ ಈ ಮನುಷ್ಯ ಬೆಳೆದದ್ದೇ ಎರಡು ಪ್ರಶ್ನೆಗಳ ನಡುವೆ: ಹೊಸದನ್ನು ಕಲಿಯಬೇಕಾ? ಕಲಿತರೆ ಮನೆ ಬಿಡಬೇಕಾ? ಬಿಡಬೇಕಾಗಿಲ್ಲ, ಮನೆಯನ್ನೇ ರಿಪೇರಿ ಮಾಡಬಹುದು ಅಂದವರೂ ಇದ್ದರು. ಉಳ್ಳಾಲ ರಘುನಾಥಯ್ಯನವರು 1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜ ಕಟ್ಟಿದರು. ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರ ಶಿಕ್ಷಣಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ತೆರೆದರು. ಇಬ್ಬರೂ ಇದೇ ಪುಟ್ಟ ಸಮುದಾಯದವರು. ಇಬ್ಬರೂ ಸಾಕಷ್ಟು ಬೈಗುಳ ತಿಂದವರು.

ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದರು. 1899ರಲ್ಲಿ, ಐವತ್ತೈದರ ವಯಸ್ಸಿನಲ್ಲಿ, 'ಇಂದಿರಾಬಾಯಿ' ಪ್ರಕಟಿಸಿದರು. ಅದಕ್ಕೆ ಇನ್ನೊಂದು ಹೆಸರೂ ಇದೆ, 'ಸದ್ಧರ್ಮ ವಿಜಯವು'. ಅಚ್ಚು ಹಾಕಿದ್ದು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್. ಐದು ವರ್ಷ ಹಿಂದೆ ಕಿಟೆಲ್ ನಿಘಂಟನ್ನು ಹೊರತಂದವರೂ ಅವರೇ, 1865ರಿಂದ ಜೆಪ್ಪುವಿನಲ್ಲಿ ಮಂಗಳೂರು ಹೆಂಚು ಸುಟ್ಟವರೂ ಅವರೇ. ನಮ್ಮ ಕಡೆ ಎಷ್ಟೋ ಮಾಡುಗಳ ಮೇಲೂ ಮೊದಲ ಕಾದಂಬರಿಯ ಮೇಲೂ ಒಂದೇ ಕಂಪನಿಯ ಮುದ್ರೆ. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಅಂತ ಸಾಹಿತ್ಯ ಚರಿತ್ರೆಯಲ್ಲಿ ಓದಿರುತ್ತೀರಿ, ಒಂದು ಅಂಕದ ಪ್ರಶ್ನೆಗೆ ಉತ್ತರ. ನಾನೂ ಹಾಗೇ ಬಾಯಿಪಾಠ ಮಾಡಿದ್ದೆ. ಪುಸ್ತಕ ಓದಿದ್ದು ಮೂವತ್ತು ದಾಟಿದ ಮೇಲೆ, ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ, ರಾತ್ರಿ ಪ್ರೊಡಕ್ಷನ್ ಸಪೋರ್ಟಿನ ಪಾಳಿಯಲ್ಲಿ ಕೂತುಕೊಂಡು.

ಕತೆ ಹೀಗೆ. ಭೀಮರಾಯ, ಅಂಬಾಬಾಯಿ ದಂಪತಿಗೆ ಇಂದಿರಾ ಮಗಳು. ಬಾಲ್ಯದಲ್ಲೇ ಮದುವೆ, ಬಾಲ್ಯದಲ್ಲೇ ವಿಧವೆ. ಅಪ್ಪ ಅಮ್ಮನಿಗೆ ಸಂತಮಂಡಳಿ ಅನ್ನುವ ಭಜನೆಯವರ ಗುಂಪಿನ ಮೇಲೆ ಕುರುಡು ಭಕ್ತಿ. ವಿಧವೆಯಾದ ಮಗಳು ಇನ್ನೇನು ಮಾಡಬೇಕು, ಸಂತರ ಸೇವೆ ಮಾಡಿಕೊಂಡಿರಲಿ ಅನ್ನುತ್ತಾರೆ. ಆ ಸಂತರ ಕಣ್ಣು ಎಲ್ಲಿದೆ ಅಂತ ಹುಡುಗಿಗೆ ಗೊತ್ತಾಗುತ್ತದೆ, ಹೆತ್ತವರಿಗೆ ಗೊತ್ತಾಗುವುದಿಲ್ಲ. ಅವಳು ಮನೆ ಬಿಟ್ಟು ಅಮೃತರಾಯ ಎಂಬ ವಕೀಲರ ಮನೆಗೆ ಹೋಗುತ್ತಾಳೆ. ಅಲ್ಲಿ ಓದುತ್ತಾಳೆ. ಅಮೃತರಾಯರೇ ಓದಿಸಿದ ಭಾಸ್ಕರ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗಿ ಅಧಿಕಾರಿಯಾಗಿ ಬರುತ್ತಾನೆ. ಇಬ್ಬರೂ ಮದುವೆಯಾಗುತ್ತಾರೆ.

ಕಾದಂಬರಿಯಾಗಿ ಇದರಲ್ಲಿ ಕೊರತೆಗಳಿವೆ, ಸುಮ್ಮನೆ ಹೊಗಳಬಾರದು. ಒಳ್ಳೆಯವರು ಅತಿ ಒಳ್ಳೆಯವರು. ಇಂಗ್ಲಿಷ್ ವಿದ್ಯೆಯ ಮೇಲೆ, ಸರಕಾರದ ಮೇಲೆ ಲೇಖಕರಿಗಿದ್ದ ಭರವಸೆ ಇವತ್ತು ನಮಗೆ ಮುಜುಗರ ತರುತ್ತದೆ. ಉಪದೇಶ ಶುರುವಾದರೆ ಪುಟ ತಿರುವಬೇಕು. ಆದರೆ ಕಪಟಿಗಳನ್ನು ಬರೆಯುವಾಗ ವೆಂಕಟರಾಯರ ಕೈ ಬೇರೆಯದೇ ಆಗುತ್ತದೆ. ಸಂತರ ಊಟ, ಭಜನೆ, ಪಿಸುಮಾತು, ದುಡ್ಡಿನ ವ್ಯವಹಾರ ಎಲ್ಲವನ್ನೂ ಕಣ್ಣಾರೆ ಕಂಡವರ ಹಾಗೆ ಬರೆದಿದ್ದಾರೆ. ಪೊಲೀಸರಲ್ಲವೇ, ಒಳ್ಳೆಯವರ ಪರಿಚಯ ಅವರಿಗೆ ಕಡಿಮೆ ಇದ್ದಿರಬೇಕು ಅಂತ ಹೆಂಡತಿ ಅಂದಳು.

ವಿಧವೆಯರ ವಿಷಯ ಬರೆದವರಲ್ಲಿ ಇವರೇ ಮೊದಲಿಗರಲ್ಲ. ಬಾಬಾ ಪದ್ಮನಜಿ ಮರಾಠಿಯಲ್ಲಿ 'ಯಮುನಾ ಪರ್ಯಟನ' ಬರೆದದ್ದು 1857ರಲ್ಲಿ. ಅದರ ಹಿಂದಿನ ವರ್ಷ, 1856ರಲ್ಲಿ, ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆ ಬಂದಿತ್ತು. ಕಂದುಕೂರಿ ವೀರೇಶಲಿಂಗಂ 1881ರಲ್ಲಿ ರಾಜಮಹೇಂದ್ರಿಯಲ್ಲಿ ವಿಧವಾ ವಿವಾಹ ಮಾಡಿಸಿಯೇ ಬಿಟ್ಟರು, ಕರ್ವೆ 1893ರಲ್ಲಿ ತಾವೇ ವಿಧವೆಯನ್ನು ಮದುವೆಯಾದರು. ಕಾಯ್ದೆ ಬಂದು ನಲವತ್ತಮೂರು ವರ್ಷವಾದ ಮೇಲೂ ಕನ್ನಡದಲ್ಲಿ ಇದನ್ನು ಕತೆ ಮಾಡಿ ಹೇಳಬೇಕಾಯಿತು ಅಂದರೆ, ಕಾಯ್ದೆ ಊರೊಳಗೆ ಬರುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿ. ಇನ್ನೊಂದು ಮಾತು: ನಮ್ಮ ಸೀಮೆಯ ಎಲ್ಲರ ಕತೆ ಇದಲ್ಲ. ಅಳಿಯಸಂತಾನದ ಸಮುದಾಯಗಳಲ್ಲಿ ಹೆಂಗಸರ ಮರುಮದುವೆಗೆ ಮೊದಲಿಂದಲೂ ದಾರಿ ಇತ್ತು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ಒಳಮನೆಯಲ್ಲಿ ಕೂರಿಸಿದ್ದು ಓದುಬರಹ ಬಲ್ಲ ಮನೆಗಳವರು.

1903ರಲ್ಲಿ ಜಿಲ್ಲೆಯ ಇಂಗ್ಲಿಷ್ ಅಧಿಕಾರಿ ಎಂ.ಇ. ಕೌಚ್‌ಮನ್ ಈ ಕಾದಂಬರಿಯನ್ನು ಇಂಗ್ಲಿಷಿಗೆ ತಂದರು. 2019ರಲ್ಲಿ ವನಮಾಲಾ ವಿಶ್ವನಾಥ, ಶಿವರಾಮ ಪಡಿಕ್ಕಲ್ ಅವರ ಹೊಸ ಅನುವಾದ ಬಂತು. ವೆಂಕಟರಾಯರು 'ಇಂದಿರಾಬಾಯಿ'ಯ ಬೆನ್ನಿಗೇ 'ಭಾಗೀರಥಿ' ಬರೆದರು, 1913ರಲ್ಲಿ ತೀರಿಕೊಂಡರು.

* * *

ಸೌಕೂರು ದೇವಸ್ಥಾನದಿಂದ ಹೊರಗೆ ಬಂದು ಕಟ್ಟೆಯ ಮೇಲೆ ಕೂತಾಗ ಹೆಂಡತಿ ಸುಮ್ಮನಿದ್ದಳು. ಬುತ್ತಿಯಲ್ಲಿ ಅಮ್ಮ ಕಟ್ಟಿಕೊಟ್ಟ ಕೊಟ್ಟೆಕಡುಬು ಇತ್ತು. ಅರ್ಧ ತಿಂದು ಕೇಳಿದಳು: "ನಮ್ಮ ಮದುವೆ ದಿನ ಅತ್ತೆ ಎಲ್ಲಿದ್ರು?"

ಎಲ್ಲಿದ್ದರು ಅಂತ ನನಗೆ ಗೊತ್ತಿತ್ತು. ಧಾರೆಗೆ ದೊಡ್ಡಪ್ಪ ದೊಡ್ಡಮ್ಮ ಕೂತಿದ್ದರು. ಹೊಸಿಲಲ್ಲಿ ಆರತಿ ಎತ್ತಿದ್ದು ಚಿಕ್ಕಮ್ಮ. ಅಮ್ಮ ಅಡುಗೆಯವರ ಹತ್ತಿರ ಪಾಯಸಕ್ಕೆ ಬೆಲ್ಲ ಸಾಕಾ ಅಂತ ನೋಡುತ್ತಿದ್ದರು. ಅಪ್ಪ ಹೋದಾಗ ನಾನಿನ್ನೂ ಬಿಇ ಓದುತ್ತಿದ್ದೆ, ಕೊನೇ ವರ್ಷದ ಫೀಸಿಗೆ ಅಮ್ಮ ದನ ಮಾರಿದ್ದರು. ಓದಿಸಿದವರು ಅವರು, ಹುಡುಗಿ ನೋಡಲು ದಾವಣಗೆರೆಗೆ ಬಂದವರು ಅವರು. ಅಕ್ಷತೆ ಹಾಕುವ ಹೊತ್ತಿಗೆ ಕಂಬದ ಹಿಂದೆ. ಯಾರೂ "ನೀವು ಬರಬೇಡಿ" ಅನ್ನಲಿಲ್ಲ. ಅಮ್ಮ ತಾವಾಗಿಯೇ ಸರಿದುಕೊಂಡರು, ನಾನು ತಾಳಿ ಕಟ್ಟುವ ಗಡಿಬಿಡಿಯಲ್ಲಿ ನೋಡಿದೆ, ನೋಡಿಯೂ ಸುಮ್ಮನಿದ್ದೆ. 1899ರ ಕಾದಂಬರಿಯ ಪಿಡಿಎಫ್ ಆಗಲೇ ನನ್ನ ಲ್ಯಾಪ್‌ಟಾಪಿನಲ್ಲಿತ್ತು.

"ಮುಂದಿನ ತಿಂಗಳು ಫ್ಲ್ಯಾಟಿನ ಗೃಹಪ್ರವೇಶ" ಅಂದಳು. "ಹಾಲು ಅತ್ತೆ ಉಕ್ಕಿಸ್ತಾರೆ. ನಾನು ಪುರೋಹಿತರಿಗೆ ಹೇಳ್ತೀನಿ. ನೀನು ಅತ್ತೆಗೆ ಹೇಳು."

ಹಂಚಿಕೆ ನ್ಯಾಯವಾಗಿಲ್ಲ ಅನ್ನಿಸಿತು. ಪುರೋಹಿತರು ಸುಲಭ.

ಸಂಜೆ ಮನೆಗೆ ಬಂದಾಗ ಅಮ್ಮ ಅಂಗಳದಲ್ಲಿ ಅಡಿಕೆ ಹರಡಿದ್ದನ್ನು ಬಳಿದು ಗುಡ್ಡೆ ಮಾಡುತ್ತಿದ್ದರು. "ಎಂತ ಕಂಡ್ರಿ?" ಅಂದರು. ವೆಂಕಟರಾಯರ ವಿಷಯ ಹೇಳಿದೆ. ಅಮ್ಮನಿಗೆ ಗುಲ್ವಾಡಿ ಅಂದರೆ ಸಂತೋಷಕುಮಾರ ಗುಲ್ವಾಡಿ, ಅವರ ಸಂಪಾದಕತ್ವದ ಕಾಲದಿಂದ ಮನೆಗೆ 'ತರಂಗ' ಬರುತ್ತಿತ್ತು. ಇವರು ಬೇರೆ, ಹಳಬರು, ಅಂದೆ. ಇಂದಿರಾಬಾಯಿಯ ಕತೆ ಹೇಳುತ್ತಾ ಹೋದೆ. ಅಮ್ಮ ಕೈ ನಿಲ್ಲಿಸದೆ ಕೇಳಿದರು. ಮರುಮದುವೆಗೆ ಬಂದಾಗ "ಆಗ್ಲೇ ಬರ್ದಿರಾ ಅದನ್ನ?" ಅಂದರು, ಅಷ್ಟೇ.

ಆಮೇಲೆ ಹಾಲಿನ ವಿಷಯ ಹೇಳಿದೆ. ಬಳಿಯುವ ಹಲಗೆ ನಿಂತಿತು. "ಅದೆಲ್ಲ ಬ್ಯಾಡ. ದೊಡ್ಡಮ್ಮ ಇದ್ರಲೆ. ಜನ ಎಂತ ಹೇಳೂದಿಲ್ಲೆ?" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಜಗುಲಿಯಿಂದ ಹೆಂಡತಿ ಅಂದಳು: "ಅತ್ತೆ, ಅಲ್ಲಿ ನಮ್ಮ ಪಕ್ಕದ ಮನೆಯವರ ಹೆಸರೇ ನಮಗೆ ಗೊತ್ತಿಲ್ಲ. ಹೇಳೋ ಜನ ಎಲ್ಲಿಂದ ತರೋದು?"

ಅಮ್ಮ ನಗಲಿಲ್ಲ. ಅಡಿಕೆಯನ್ನು ಗೋಣಿಗೆ ತುಂಬಿಸಿ, ಬಾಯಿ ಕಟ್ಟಿ, ಒಳಗೆ ಇಡುವವರೆಗೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ನನ್ನನ್ನು ನೋಡದೆ ಕೇಳಿದರು.

"ಅಲ್ಲಿ ಕರೆಂಟಿನ ಒಲೆ ಅಲ್ದಾ? ಅದ್ರಲ್ಲಿ ಹಾಲ್ ಸಮಾ ಉಕ್ಕುತ್ತಾ?"